ಮಾವನ ಕಿವಿಯ ವಿರುದ್ಧ ಒಂದು ದೂರು

ಶಂಕರಪುರದ ಒಂದು ಅಂಗಳದಲ್ಲಿ ಬಹುಕಾಲದಿಂದ ವಂಚನೆಯೊಂದು ನಡೆಯುತ್ತಿದೆ. ಅದಕ್ಕೆ ನನ್ನ ಸೋದರಮಾವನೇ ನೇರ ಹೊಣೆ, ಅತ್ತೆ ಸಹಾಪರಾಧಿ. ಸಂಬಂಧಿಕರೆಂಬ ಕಾರಣಕ್ಕೆ ನಾನು ಸುಮ್ಮನಿರಬೇಕೆ? ಸಾಧ್ಯವಿಲ್ಲ!

ಕಾಪುವಿನಿಂದ ಕಾರ್ಕಳದವರೆಗೆ ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಮಾವನ ಕಿವಿಯ ಖ್ಯಾತಿ ಗೊತ್ತು. ಅರ್ಚಕರ ಮನೆಯಲ್ಲಿ ಹುಟ್ಟಿಯೂ ಗಂಟೆಯ ನಾದಕ್ಕಿಂತ ಎಂಜಿನ್ನಿನ ನಾದಕ್ಕೆ ಒಲಿದವರು ಅವರು. ಪಿಸ್ಟನ್ ಪೂರ್ತಿ ಮೇಲೇರುವುದಕ್ಕೆ ಕೂದಲೆಳೆಯಷ್ಟು ಮೊದಲು ಕಿಡಿ ಹಾರಬೇಕು. ಅದಕ್ಕಾಗಿ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ಹೊತ್ತು ಹೊಂದಿಸಬೇಕು. ಟೈಮಿಂಗ್ ಇಡುವುದೆಂದರೆ ಇಷ್ಟೇ. ಲೋಕವೆಲ್ಲ ಇದಕ್ಕೊಂದು ಮಿಣುಕುದೀಪ ಬಳಸುತ್ತದೆ. ನಾನೂ ಒಂದನ್ನು ತರಿಸಿಕೊಟ್ಟೆ. ಮಾವ ಅದನ್ನು ಪೆಟ್ಟಿಗೆಯಿಂದ ತೆಗೆಯಲೂ ಇಲ್ಲ.

"ದೀಪ ನೋಡಿ ಟೈಮಿಂಗ್ ಇಡುವವ ಫೋಟೋ ನೋಡಿ ಊಟ ಮಾಡ್ಬಹುದು ಮಾರಾಯ್ತಿ! ನನಗೆ ಕಿವಿ ಉಂಟಲ್ವಾ?"

ಉಂಟೇ? ಪ್ರಶ್ನೆ ಇರುವುದೇ ಅಲ್ಲಿ! ಕುಕ್ಕರ್ ಏಳು ಸಲ ಕೂಗಿದರೂ ಪಕ್ಕದಲ್ಲೇ ಕುಳಿತು ಪೇಪರ್ ಓದುವ ಕಿವಿ ಅದು. ಶ್ರವಣಯಂತ್ರ ಹಾಕಿಸಿಕೊಳ್ಳಿ ಎಂದು ಮಣಿಪಾಲದ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮಾವ ಎಂಜಿನ್ನಿನ ಸಂದಿಗಿಡುವ ಗ್ಯಾಸ್ಕೆಟ್ ಕತ್ತರಿಸುವ ಅಳತೆಗೆ ಬಳಸಿಕೊಂಡರು!

ಆಗಷ್ಟೇ ಅವರು ತಮ್ಮ ಗುಂಡುಮೂತಿಯ ಹಳೆಯ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮರುಜೋಡಿಸಿದ್ದರು. ನಾನು ಷರತ್ತು ಹಾಕಿದೆ: ಬರಿಗಿವಿಯಲ್ಲಿ ಟೈಮಿಂಗ್ ಇಟ್ಟರೆ ಶ್ರವಣಯಂತ್ರದ ಸುದ್ದಿ ಎತ್ತುವುದಿಲ್ಲ, ತಪ್ಪಿದರೆ ಮರುದಿನವೇ ಮಣಿಪಾಲ. "ಆಯ್ತು" ಎಂದು ಮಾವ ತಕ್ಷಣ ಒಪ್ಪಿದರು. ತಕ್ಷಣ ಎಂದರೆ, ನಾನು ಮೂರನೆಯ ಸಲ ಕೂಗಿ ಹೇಳಿದ ತಕ್ಷಣ.

ಮೊದಲ ದಿನ ಕಾರು ಚಾಲೂ ಆಗುವ ಬದಲು ಸಿಡಿಯಿತು. ಹೊಗೆಕೊಳವೆಯಿಂದ ಹೊರಟ ಢಮಾರ್ ಸದ್ದಿಗೆ ಜಗಲಿಯಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತಿದ್ದ ಅತ್ತೆಯ ಮಡಿಲಿನ ಮೊಗ್ಗೆಲ್ಲ ಅಂಗಳ ಸೇರಿತು. ಗಂಟೆಗಟ್ಟಲೆ ತಡಕಿದ ಮೇಲೆ ತಪ್ಪು ಸಿಕ್ಕಿತು. ಕಿಡಿ ಹಂಚುವ ಆ ಡಬ್ಬಿಯ ಒಳಗಿನ ಕಡ್ಡಿ ಎಡಕ್ಕೆ ಸುತ್ತುತ್ತದೆ. ಮಾವ ನಾಲ್ಕೂ ವಯರುಗಳನ್ನು ಬಲಕ್ಕೆ ಸುತ್ತುವ ಕ್ರಮದಲ್ಲಿ ಜೋಡಿಸಿದ್ದರು.

"ಇದೆಂತ ಮಾವ, ಇಷ್ಟು ವರ್ಷದ ಅನುಭವ?"

"ಕೈ ತನ್ನಷ್ಟಕ್ಕೆ ಪ್ರದಕ್ಷಿಣೆ ಹೋಯ್ತು. ಹೊಸ ಎಂಜಿನ್ ಅಲ್ವಾ, ಮೊದಲ ದಿನವೇ ಅಪ್ರದಕ್ಷಿಣೆ ಬರುವುದುಂಟಾ?"

ನಾನು ಮಾವನ ಸೋಲು ಘೋಷಿಸಲು ಎದ್ದು ನಿಂತೆ. ಮೊಗ್ಗು ಹೆಕ್ಕುತ್ತಿದ್ದ ಅತ್ತೆ ಅಡ್ಡಬಂದರು: "ಅದು ಕಿವಿಯ ತಪ್ಪಲ್ಲ, ಭಕ್ತಿಯ ತಪ್ಪು. ಲೆಕ್ಕಕ್ಕಿಲ್ಲ." ಈ ಪಕ್ಷಪಾತವನ್ನು ನಾನು ಅಂದೇ ಗುರುತಿಸಬೇಕಿತ್ತು!

ಮರುದಿನ ಮಾವ ಎಂಜಿನ್ನಿನ ಮುಂದೆ, ಅತ್ತೆ ಹೂ ಕಟ್ಟುತ್ತಿದ್ದ ಜಗಲಿಗೆ ಮುಖಮಾಡಿ ನಿಂತು, ಒಂದು ಕೈಯಲ್ಲಿ ವೇಗ ಏರಿಸಿ ಇಳಿಸುತ್ತ, ಇನ್ನೊಂದರಲ್ಲಿ ಡಬ್ಬಿಯನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದರು. "ಇಲ್ಲಿಗೆ ಸರಿ!" ನಾನು ಗುಟ್ಟಾಗಿ ಮಿಣುಕುದೀಪ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನನ್ನ ವಿಶ್ವವಿದ್ಯಾಲಯದ ಪದವಿಗೆ ಅಂದು ಆದ ಅವಮಾನ ಸಣ್ಣದಲ್ಲ.

ಆದರೆ ಮರುಪರೀಕ್ಷೆ ಎಂಬುದೊಂದು ಇದೆಯಲ್ಲ! ಅತ್ತೆ ಹೂ ಕೊಡಲು ಕಟಪಾಡಿಗೆ ಹೋದ ಬೆಳಿಗ್ಗೆ ನಾನು ಡಬ್ಬಿಯನ್ನು ಬೇಕೆಂದೇ ತಿರುಗಿಸಿ, "ಈಗ ಇಡಿ ನೋಡುವ" ಎಂದೆ. ಮಾವ ಖಾಲಿ ಜಗಲಿಯ ಕಡೆ ಒಮ್ಮೆ ನೋಡಿದರು. ಏನೋ ತಿರುಗಿಸಿ, "ಆಯ್ತು, ಕೂತ್ಕೋ" ಎಂದರು.

ಉಡುಪಿ ದಾಟಿ ಮಣಿಪಾಲದ ಏರು ಹತ್ತುವಾಗ ಎಂಜಿನ್ ಕಿಣಿಕಿಣಿ ಎನ್ನತೊಡಗಿತು, ಸ್ಟೀಲ್ ಲೋಟದಲ್ಲಿ ಗೋಲಿ ಕುಲುಕಿದ ಹಾಗೆ. ಕಿಡಿ ಅವಸರಪಟ್ಟಾಗ ಬರುವ ಸದ್ದು ಅದು. ಎದುರು ಬಂದ ರಿಕ್ಷಾದವನೂ ತಿರುಗಿ ನೋಡಿದ. ಮಾವ ಮಾತ್ರ ನೆಮ್ಮದಿಯಿಂದ ಸ್ಟಿಯರಿಂಗ್ ಹಿಡಿದಿದ್ದರು. ಆಮೇಲೆ ನನ್ನ ಮುಖ ನೋಡಿ ಕಾರನ್ನು ಬದಿಗೆ ನಿಲ್ಲಿಸಿದರು.

"ಕಿಣಿಕಿಣಿ ಉಂಟಾ?"

"ಉಂಟು ಮಾವ."

"ನನಗೆ ಗುಡುಗು ಕೇಳ್ತದೆ, ಲಾರಿ ಕೇಳ್ತದೆ. ಸಪೂರ ಸದ್ದು ಯಾವುದೂ ಕೇಳುವುದಿಲ್ಲ. ಎಂಜಿನ್ ಕಿಣಿಕಿಣಿ ಅಂದ್ರೆ ನಿನ್ನ ಅತ್ತೆಯ ಬೆರಳು ನಿಲ್ತದೆ. ಸರಿಯಾದ ಕೂಡ್ಲೆ ಬಾಳೆನಾರು ಓಡ್ತದೆ. ನಾನು ಅದನ್ನು ನೋಡಿ ಇಡುವುದು."

ಊರಿಗೆಲ್ಲ ಖ್ಯಾತವಾದ ಕಿವಿ ಅತ್ತೆಯ ಹತ್ತು ಬೆರಳು! ಇದಕ್ಕಿಂತ ದೊಡ್ಡ ವಂಚನೆ ಬೇಕೆ?

ಸಂಜೆ ಮಾವ ಅಂಗಳದಲ್ಲಿ ಬಾನೆಟ್ ಎತ್ತಿ ನಿಂತಿದ್ದಾಗ, "ನಿಮಗಿದು ಗೊತ್ತುಂಟಾ?" ಎಂದು ಅತ್ತೆಯನ್ನು ವಿಚಾರಿಸಿದೆ. ಅವರು ಹೂವಿನಿಂದ ತಲೆ ಎತ್ತಲಿಲ್ಲ.

"ಗೊತ್ತಿಲ್ಲದೆ ಎಂತ? ಮದುವೆಯಾದಂದಿನಿಂದ ನನ್ನನ್ನು ಇಷ್ಟು ಹೊತ್ತು ನೋಡಿದ್ದು ಈ ಕಿವಿ ಹೋದ ಮೇಲೆಯೇ ಮಾರಾಯ್ತಿ. ಅದಕ್ಕೆ ಬೆರಳನ್ನು ಸ್ವಲ್ಪ ಹೆಚ್ಚೇ ನಿಲ್ಲಿಸ್ತೇನೆ."

ಎರಡು ಮಾರು ದೂರದಲ್ಲಿದ್ದ ಮಾವನಿಗೆ ಆ ಮಾತು ಕೇಳಿಸಲಿಲ್ಲ.

ಆದುದರಿಂದ, ಮಾನ್ಯ ಸೋದರಮಾವನವರಲ್ಲಿ ನನ್ನ ವಿನಂತಿ: ಷರತ್ತಿನಂತೆ ತಾವು ಸೋತಿದ್ದೀರಿ. ಮಣಿಪಾಲಕ್ಕೆ ಹೊರಡುವ ದಿನವನ್ನು ಲಿಖಿತವಾಗಿ ತಿಳಿಸಬೇಕು. ಎಂಜಿನ್ನಿನ ದನಿಯನ್ನು ತಾವು ಅತ್ತೆಯ ಬೆರಳಿನಲ್ಲಿ ಕೇಳಬಲ್ಲಿರಿ. ಅತ್ತೆಯ ದನಿಯನ್ನು ಯಾರ ಬೆರಳಿನಲ್ಲಿ ಕೇಳುವಿರಿ? ಯಂತ್ರ ಕಿವಿಗೇರಿದ ದಿನ ಅತ್ತೆ ಮೇಲಿನ ಮಾತನ್ನು ತಮ್ಮೆದುರು ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಹೇಳತಕ್ಕದ್ದು. ಆಮೇಲೂ ತಾವು ಜಗಲಿಗೆ ಮುಖಮಾಡಿಯೇ ಟೈಮಿಂಗ್ ಇಡತಕ್ಕದ್ದು. ಉತ್ತರ ಮತ್ತು ಕ್ರಮ, ಎರಡನ್ನೂ ನಿರೀಕ್ಷಿಸುತ್ತೇನೆ.