ಗದ್ದಲ ಕಲಿತ ಗಾಜು

ಎಲ್ಲಕ್ಕೂ ಮೂಲ ಒಂದು ಪುಟ್ಟ ಚಾರ್ಜರು. ಅದನ್ನು ಸಿಕ್ಕಿಸಿದರೆ ಸಾಕು, ಮೇಜಿನ ಮೇಲಿದ್ದ ಟಚ್ ಸ್ಕ್ರೀನಿಗೆ ಮೈಮೇಲೆ ಬಂದಂತಾಗಿ, ಯಾರೂ ಮುಟ್ಟದಿದ್ದರೂ ಗುಂಡಿಗಳು ತಾವೇ ಒತ್ತಿಕೊಳ್ಳುತ್ತಿದ್ದವು. ಇದು ಕಿವಿಗೆ ಕೇಳುವ ಗದ್ದಲವಲ್ಲ ಸ್ವಾಮಿ, ಕರೆಂಟಿನ ಗದ್ದಲ. ಪ್ರತಿ ಸ್ಪರ್ಶವನ್ನೂ ಹತ್ತು ಸಲ ಪರೀಕ್ಷಿಸಿ ನಂಬು ಎಂದರೆ ಸ್ಕ್ರೀನು ಆಮೆಯಾಗುತ್ತಿತ್ತು. ಬೇಗ ಮಾಡು ಎಂದರೆ ಮತ್ತೆ ಕುಣಿತ. ಅತ್ತ ದರಿ, ಇತ್ತ ಪುಲಿ. ನಡುವೆ ಸಿಕ್ಕಿಬಿದ್ದವನು ನಮ್ಮ ಎಂಜಿನಿಯರು. ದಿನವಿಡೀ ಗಾಜು ಒತ್ತುತ್ತಲೇ ಇರುವುದರಿಂದ ಆಫೀಸಿನಲ್ಲಿ ಅವನಿಗೆ ಬೆರಳಪ್ಪ ಎಂದೇ ಹೆಸರು.

ಮಧ್ಯಾಹ್ನ ಸ್ಕ್ರೀನು ನೋಡಲು ಟಿಕೆಟ್ ಯಂತ್ರದ ಕಂಪನಿಯ ಯಜಮಾನಿ ಬರುವವರಿದ್ದರು. ಅವರು ಒಪ್ಪಿದರೆ ಬೆರಳಪ್ಪನಿಗೆ ರಜೆ, ಇಲ್ಲದಿದ್ದರೆ ಇಲ್ಲ ಎಂದು ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಸಂಜೆಯ ಬಸ್ಸಿಗೆ ಸಮುದ್ರ ನೋಡಲು ಹೊರಟಿದ್ದ ಹೆಂಡತಿಯೂ ಅಷ್ಟೇ ಖಡಾಖಂಡಿತ.

“ಹೋದ ಸಲಾನೂ ಕೈ ಕೊಟ್ರಿ, ಅದಕ್ಕೆ ಹಿಂದಿನ ಸಲಾನೂ ಕೈ ಕೊಟ್ರಿ. ಈ ಸಲ ಬರ್ಲಿಲ್ಲ ಅಂದ್ರೆ ನಿಮ್ಮ ಸೀಟಲ್ಲಿ ನಮ್ಮಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ, ನೋಡ್ತಿರಿ!”

ಸಮುದ್ರ ಎಂದರೆ ಬೆರಳಪ್ಪನಿಗೆ ಪ್ರಾಣ. ಆ ಸೀಟು ಅತ್ತೆಯ ಪಾಲಾಗುವುದೆಂದರೆ ಪ್ರಾಣಸಂಕಟ.

ಹಲ್ಲುಜ್ಜುವಾಗ ಅವನಿಗೊಂದು ಉಪಾಯ ಹೊಳೆದಿತ್ತು. ಗದ್ದಲ ಯಾವುದು ಎಂದು ಸ್ಕ್ರೀನಿಗೇ ಕಲಿಸಿಬಿಟ್ಟರೆ? ಚಾರ್ಜರು, ಫ್ಯಾನು ಎಲ್ಲ ಹಾಕಿ, ಊಟದ ಹೊತ್ತಿನವರೆಗೆ ಯಾರೂ ಮುಟ್ಟದೆ ಬಿಡಬೇಕು. ಅಷ್ಟರಲ್ಲಿ ಅದಕ್ಕೆ ಏನೇ ತಾಗಿದರೂ ಗದ್ದಲವೆಂದು ಲೆಕ್ಕ. ಮುಂದೆ ಅಂಥದ್ದು ಬಂದರೆ ಅದು ಕ್ಯಾರೇ ಎನ್ನಬಾರದು. ಬೇರೆ ಏನು ತಾಗಿದರೂ ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಕೊಳ್ಳಬೇಕು. ಆಫೀಸಿಗೆ ಬಂದವನೇ ಹಾಗೆಯೇ ಮಾಡಿ ಕಾವಲು ಕುಳಿತ.

ಮೊದಲು ಬಂದದ್ದು ಲೆಕ್ಕ ಬರೆಯುವ ಅಕ್ಕ.

“ನಮ್ಮನೆ ಫೋನೂ ಹಿಂಗೇ ಆಡ್ತಿತ್ತು ಕಣಪ್ಪ. ಬೆನ್ನಿಗೆ ಎರಡು ಕೊಟ್ಟೆ, ಸರಿಹೋಯ್ತು.”

“ಅಕ್ಕಾ, ನಿಮ್ಮ ದಮ್ಮಯ್ಯ, ಮುಟ್ಬೇಡಿ!”

“ಅಯ್ಯೋ, ಮುಟ್ಟಿದ್ರೆ ಕರಗೋಗುತ್ತಾ ನಿನ್ನ ಗಾಜು?” ಎಂದು ಅಕ್ಕ ಮುನಿಸಿಕೊಂಡು ಕೈ ಕಟ್ಟಿ ನಿಂತಳು. ಗಲಾಟೆ ಕೇಳಿ ಬಂದ ಸಾಹೇಬರು ‘ಮುಟ್ಟಬಾರದು’ ಎಂದು ತಾವೇ ದಪ್ಪಗೆ ಬರೆದು ಪಕ್ಕದಲ್ಲಿ ಅಂಟಿಸಿದರು. ಆಮೇಲೆ ಗಳಿಗೆಗೊಮ್ಮೆ ಹಾಜರು.

“ಎಲ್ಲಿಗ್ ಬಂತಯ್ಯಾ?” ಟಕ್ ಟಕ್ ಟಕ್! ಬೆರಳು ನೇರ ಗಾಜಿನ ಮೇಲೆ.

“ಸಾರ್, ಮುಟ್ಟಬಾರದು ಅಂತ...”

“ಬರೆದೋನೇ ನಾನು ಕಣಯ್ಯಾ. ಅದು ನಿಮಗೆ!” ಟಕ್ ಟಕ್ ಟಕ್!



ಮಧ್ಯಾಹ್ನ ಬರಬೇಕಿದ್ದ ಯಜಮಾನಿ ಸಂಜೆಯ ಹೊತ್ತಿಗೆ ಬಂದರು, ಒತ್ತಿದರು. ಫ್ಯಾನು ತಿರುಗಿಸಿ ಒತ್ತಿದರು, ಚಾರ್ಜರು ಸಿಕ್ಕಿಸಿ ಒತ್ತಿದರು. ಕುಣಿತವೂ ಇಲ್ಲ, ತಡವೂ ಇಲ್ಲ.

“ಭೇಷ್! ನಮ್ಮ ಹಳೇ ಯಂತ್ರ ಒಂದು ಟಿಕೆಟ್ ಕೇಳಿದ್ರೆ ನಾಲ್ಕು ಕೊಡುತ್ತೆ. ಇದು ಮುಟ್ಟೋದೇ ತಡ, ಕೆಲಸ ಆಗಿರುತ್ತಲ್ರೀ!”

ಸಾಹೇಬರು ಉಬ್ಬಿಹೋದರು. “ಇವನ ರಜೇನೂ ಇದರಲ್ಲೇ ಮಂಜೂರು ಮಾಡ್ತೀನಿ, ನೀವೂ ನೋಡಿ.”

ಸ್ಕ್ರೀನಿನ ಮೇಲೆ ಬೆರಳಪ್ಪನ ರಜೆಯ ಅರ್ಜಿ ಬಂತು. ಕೆಳಗೆ ಒತ್ತೊತ್ತಾಗಿ ಎರಡು ಗುಂಡಿ: ‘ಒಪ್ಪಿದೆ’, ‘ನಿರಾಕರಿಸಿದೆ’. ಸಾಹೇಬರು ‘ಒಪ್ಪಿದೆ’ಯ ಮೇಲೆ ಟಕ್ ಟಕ್ ಟಕ್ ಎಂದರು. ಸ್ಕ್ರೀನು ಗುಮ್ಮನೆ ಕೂತಿತ್ತು. ಇನ್ನೂ ಜೋರಾಗಿ ಕುಟ್ಟಿದರು. ಊಹೂಂ. ಅಕ್ಕ ಕಿರುಬೆರಳಲ್ಲಿ ಪುಟ ಸರಿಸಿದಳು, ಸರಕ್ಕನೆ ಸರಿಯಿತು.

ಬೆರಳಪ್ಪನಿಗೆ ಆಗ ಹೊಳೆಯಿತು. ಬೆಳಗಿನಿಂದ ಸ್ಕ್ರೀನು ಕಲಿತ ಗದ್ದಲಗಳಲ್ಲೆಲ್ಲ ದೊಡ್ಡದು ಸಾಹೇಬರ ಬೆರಳಿನ ಟಕ್ ಟಕ್! ಇದನ್ನು ಬಾಯಿಬಿಟ್ಟು ಹೇಳಲುಂಟೇ?

“ಸಾರ್, ಅಕ್ಕನೇ ಒತ್ತಿಬಿಡ್ಲಿ...”

“ಯಾರ್ಯಾರೋ ಒತ್ತೋಕೆ ಇದೇನು ಕರೆಗಂಟೆನಾ? ರಜೆ ಕೊಡೋನು ನಾನು!”

“ಹಾಗಾದ್ರೆ ಒಂದೇ ಸಲ, ಮೆತ್ತಗೆ...”

“ನನಗೇ ಒತ್ತೋದು ಹೇಳ್ಕೊಡ್ತೀಯಾ?” ಟಕ್ ಟಕ್ ಟಕ್!

ಜೇಬಿನಲ್ಲಿ ಹೆಂಡತಿಯ ಕರೆ ಗುಂಯ್‌ಗುಟ್ಟತೊಡಗಿತು. ಬಸ್ಸಿನ ಹೊತ್ತಾಗಿತ್ತು. ಬೆರಳಪ್ಪನಿಗೆ ಅದೆಲ್ಲಿಂದ ಧೈರ್ಯ ಬಂತೋ, ಮಗುವಿಗೆ ಅಕ್ಷರ ತಿದ್ದಿಸುವಂತೆ ಸಾಹೇಬರ ಬೆರಳನ್ನೇ ಗಬಕ್ಕನೆ ಹಿಡಿದು ಮೆಲ್ಲಗೆ ‘ಒಪ್ಪಿದೆ’ಯತ್ತ ಒಯ್ದ.

“ಅಯ್ಯಯ್ಯೋ, ಸಾಹೇಬ್ರ ಕೈನೇ ಹಿಡಿದ್ಬಿಟ್ಟ!” ಎಂದು ಅಕ್ಕ ಕೂಗಿದಳು.

“ಏಯ್, ಬಿಡಯ್ಯಾ!” ಸಾಹೇಬರು ಬೆಚ್ಚಿ ಕೈ ಕಿತ್ತುಕೊಂಡರು. ಆ ಎಳೆದಾಟದಲ್ಲಿ ಅವರ ಬೆರಳ ತುದಿ, ಜನ್ಮದಲ್ಲಿ ಮೊದಲ ಬಾರಿಗೆ ಮೆತ್ತಗೆ, ‘ನಿರಾಕರಿಸಿದೆ’ಯನ್ನು ಸವರಿತು. ಕಣ್ಣು ಮಿಟುಕಿಸುವುದರೊಳಗೆ ಸ್ಕ್ರೀನು ಕೆಂಪಾಯಿತು: ರಜೆ ನಿರಾಕರಿಸಲಾಗಿದೆ. ಮುಂದಿನ ತಿಂಗಳು ಮತ್ತೆ ಅರ್ಜಿ ಸಲ್ಲಿಸಿ.

“ಹಾ! ಕೊನೆಗೂ ನನ್ನ ಬೆರಳಿನ ಗುರುತು ಹಿಡೀತು!” ಸಾಹೇಬರು ಕುಣಿದಾಡಿದರು.

“ಏನ್ ಸ್ಪೀಡು ರೀ!” ಎಂದು ಯಜಮಾನಿ ಚಪ್ಪಾಳೆ ತಟ್ಟಿದರು.

ಬೆರಳಪ್ಪ ಅಳುವುದೊಂದು ಬಾಕಿ. ಮೂಲೆಗೆ ಹೋಗಿ ಫೋನ್ ಎತ್ತಿದ.

“ಎಲ್ಲಿದೀರಾ? ಬಸ್ ಬಂದು ನಿಂತಿದೆ!”

“ಅದೂ... ರಜೆ ಏನಾಯ್ತಂದ್ರೆ...”

“ಅಮ್ಮಾ, ಬಸ್ ಹತ್ತು!” ಎಂದಳು ಹೆಂಡತಿ. ಅವಳ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: “ಅಳಿಯಂದ್ರು ಬರಲ್ವಂತಾ? ಅಯ್ಯೋ ಪಾಪ! ಅವರದು ಕಿಟಕಿ ಪಕ್ಕದ ಸೀಟು ತಾನೇ?”