ಅರವತ್ತರ ಮೊಡವೆ

ಅರವತ್ತು ತುಂಬುವ ಹೊತ್ತಿಗೆ ಮನುಷ್ಯನಿಗೆ ಮಂಡಿನೋವು ಬರಬೇಕು, ಸಕ್ಕರೆ ಕಾಯಿಲೆ ಬರಬೇಕು. ಜಯನಗರದ ವೆಂಕಟಾಚಲ ಅವರಿಗೆ ಬಂದದ್ದು ಮೊಡವೆ. ಅದೂ ಮೂಗಿನ ತುದಿಯಲ್ಲಿ, ಷಷ್ಟಿಪೂರ್ತಿ ಹತ್ತಿರ ಬಂದಾಗ.

"ಇನ್ನೊಂದ್ಸಲ ತಾಳಿ ಕಟ್ಟೋ ಹೊತ್ತಿಗೆ ಈ ಗತಿಯೇ!" ಎಂದು ಕನ್ನಡಿಯ ಮುಂದೆ ಹಲುಬಿದರು.

ಮಗಳು ಸಂಹಿತಾ ಕರಗಿ ತನ್ನ ಮೊಡವೆ ಕ್ರೀಮು ಕೊಟ್ಟಳು. "ಮೊದಲು ಈ ಮಾಯಿಶ್ಚರೈಸರ್ ಹಚ್ಕೋಪ್ಪ. ಆಮೇಲೆ ಕ್ರೀಮು, ಒಂದೇ ಒಂದು ಚುಕ್ಕೆ, ಮೊಡವೆ ಮೇಲೆ ಮಾತ್ರ."

ಜಿಡ್ಡಿನಿಂದಲೇ ಮೊಡವೆ ಏಳುವಾಗ ಮತ್ತೆ ಜಿಡ್ಡು ಬಳಿಯುವುದು ಯಾವ ಶಾಸ್ತ್ರ? ವೆಂಕಟಾಚಲ ಮಾಯಿಶ್ಚರೈಸರನ್ನು ಪಕ್ಕಕ್ಕೆ ತಳ್ಳಿದರು. ಸಂಜೆ ಸಂಧ್ಯಾವಂದನೆ ಮುಗಿಸಿ, ಗಂಧ ಹಚ್ಚಿ ಪಳಗಿದ ಬೆರಳುಗಳಿಂದ ಕ್ರೀಮನ್ನು ಹಣೆಯಿಂದ ಗಲ್ಲದವರೆಗೂ ಧಾರಾಳವಾಗಿ ಎಳೆದರು. (ಒಂದು ಮೊಡವೆಯ ಹಿಂದೆ ಇಡೀ ಅಕ್ಷೌಹಿಣಿ ಸೈನ್ಯವೇ ಅಡಗಿರಬಹುದಲ್ಲ!)

ಮುಖ ಧಗಧಗ ಉರಿಯಿತು. ಕ್ರೀಮು ಬೆವರಿನೊಂದಿಗೆ ಕಣ್ಣಿಗಿಳಿಯಿತು. "ಅಯ್ಯೋ ಸತ್ತೆ!" ಎನ್ನುತ್ತ ಕಣ್ಣು ಮುಚ್ಚಿಕೊಂಡೇ ತಡಕಾಡಿ, ಕೈಗೆ ಸಿಕ್ಕ ಬಟ್ಟೆಯಲ್ಲಿ ಮುಖವನ್ನು ಚೆನ್ನಾಗಿ ತಿಕ್ಕಿ ಒರೆಸಿದರು.

ಅದು ಹೆಂಡತಿ ಸತ್ಯಭಾಮಾಳ ಧಾರೆ ಸೀರೆ. ಷಷ್ಟಿಪೂರ್ತಿಗೆ ಉಡಲೆಂದು ಪೆಟ್ಟಿಗೆಯಿಂದ ತೆಗೆದು ಕುರ್ಚಿಯ ಮೇಲೆ ಗಾಳಿಗೆ ಹರವಿದ್ದಳು. ತೀರಿಹೋದ ಅವಳ ಅಮ್ಮ ಆರಿಸಿ ಕೊಡಿಸಿದ್ದು. ವರ್ಷವರ್ಷವೂ ಮಡಿಕೆ ಬದಲಿಸಿ, ಮಗಳಿಗೂ ಮುಟ್ಟಗೊಡದೆ ಕಾಪಾಡಿದ್ದು. ಬೆಳಗ್ಗೆ ನೋಡಿದರೆ ಕುಂಕುಮ ಬಣ್ಣದ ಸೆರಗಿನ ತುಂಬ ಬಿಳಿಚಿದ ಮಚ್ಚೆಗಳು.

"ಒಗೆದ್ರೆ ಹೋಗಲ್ವೇನೇ?" ಎಂದು ವೆಂಕಟಾಚಲ ಮಗಳನ್ನು ಕೇಳಿದರು.

"ಅದು ಕೊಳೆ ಅಲ್ಲಪ್ಪ. ಆ ಕ್ರೀಮು ಬಟ್ಟೆ ಬಣ್ಣಾನೇ ತಿಂದ್ಹಾಕತ್ತೆ," ಎಂದಳು ಸಂಹಿತಾ.

ಸತ್ಯಭಾಮಾ ಸೆರಗನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂತಳು. ವೆಂಕಟಾಚಲ ಉರಿಯುವ ಮುಖ ಹೊತ್ತು ಅವಳ ಪಕ್ಕಕ್ಕೆ ಬಂದು ಕೂತರು.

"ಬೇರೆ ಸೀರೆ ಕೊಡಿಸ್ತೀನಿ ಕಣೆ, ಇದಕ್ಕಿಂತ ಒಳ್ಳೇದು."

"ಅಮ್ಮನ್ನ ಕರ್ಕೊಂಡ್ಬನ್ನಿ, ಆರಿಸ್ಲಿ."

ಷಷ್ಟಿಪೂರ್ತಿಯ ದಿನ ಸತ್ಯಭಾಮಾ ಅದೇ ಸೀರೆ ಉಟ್ಟು, ಅದೇ ಸೆರಗು ಹೊದ್ದು ಮಣೆಯ ಮೇಲೆ ಕೂತಳು. ಪಕ್ಕದಲ್ಲಿ ವೆಂಕಟಾಚಲ ಅವರ ಮುಖ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆ ಏಳುತ್ತಿತ್ತು. ಮೊಡವೆ ಮಾತ್ರ ಮೂಗಿನ ಮೇಲೆ ಸುಖವಾಗಿತ್ತು.

ಫೋಟೋ ತೆಗೆಯಲು ಬಂದ ರಘು ಸಮಾಧಾನ ಹೇಳಿದ. "ಮುಖದ ಬಗ್ಗೆ ತಲೆ ಕೆಡಿಸ್ಕೋಬೇಡಿ ಸಾರ್. ಕಂಪ್ಯೂಟರಲ್ಲಿ ಸಖತ್ತಾಗಿ ಸರಿ ಮಾಡ್ಬಿಡ್ತೀನಿ."

ಸತ್ಯಭಾಮಾ ತಲೆಯೆತ್ತಿದಳು. "ಮುಖ ಹಾಗೇ ಇರ್ಲಪ್ಪ. ಸೆರಗು ಸರಿ ಮಾಡ್ಕೊಡು."

ಆ ಫೋಟೋ ಈಗ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಸೆರಗು ಇವತ್ತೇ ಮಗ್ಗದಿಂದ ಇಳಿದಂತೆ ಕೆಂಪಗೆ ಹೊಳೆಯುತ್ತದೆ. ಬಂದವರೆಲ್ಲ "ಯಜಮಾನ್ರ ಮುಖಕ್ಕೆ ಏನಾಗಿತ್ತು?" ಎಂದು ಕೇಳುತ್ತಾರೆ. ಸತ್ಯಭಾಮಾ ಕಾಫಿ ತರಲು ಎದ್ದು ಹೋಗುತ್ತಾಳೆ. ಉತ್ತರವನ್ನು ವೆಂಕಟಾಚಲ ಅವರೇ ಹೇಳಬೇಕು.