ಉಬ್ಬರದ ವೇಳೆಯಲ್ಲಿ ಹಕ್ಕಿ ವೀಕ್ಷಣೆ

ಕಳೆದ ವರ್ಷದ ಶರತ್ಕಾಲದಲ್ಲಿ ನಮ್ಮ ಕಡಲತೀರಕ್ಕೆ ಒಂದೇ ಒಂದು ವಲಸೆ ಹಕ್ಕಿಯೂ ಬರಲಿಲ್ಲ. ಇದು ಅಧಿಕೃತ. ಬಂದಿದ್ದವು ಎಂದು ಹೇಳುವವರು ಇದ್ದಾರೆ. ಅವರೆಲ್ಲ ಹಕ್ಕಿಗಳನ್ನು ಕಣ್ಣಾರೆ ಕಂಡವರು. ಕಣ್ಣಾರೆ ಕಂಡದ್ದನ್ನೆಲ್ಲ ಒಪ್ಪಿಕೊಳ್ಳುತ್ತ ಕೂತರೆ ಆಡಳಿತ ನಡೆಯುವುದಿಲ್ಲ.

ವಲಸೆ ಹಕ್ಕಿ ವೀಕ್ಷಣಾ ಮಂಡಳಿ ಪ್ರತಿ ವರ್ಷ ಈ ಋತುವಿನಲ್ಲಿ ಹನ್ನೆರಡು ಕ್ಷೇತ್ರ ಪ್ರವಾಸಗಳನ್ನು ನಡೆಸುತ್ತದೆ. ಆಸಕ್ತರು ಹೆಸರು ಬರೆಸಿ, ಬಸ್ಸಿನಲ್ಲಿ ಬಂದು, ಕಡಲ ಒಡ್ಡಿನ ಮೇಲೆ ಸಾಲಾಗಿ ನಿಂತು ಹಕ್ಕಿ ನೋಡುತ್ತಾರೆ. ನೋಡಿದ್ದನ್ನು ನಮೂನೆಯಲ್ಲಿ ತುಂಬಿ ಕೊಟ್ಟು ಹೋಗುತ್ತಾರೆ. ಈ ನಮೂನೆಗಳಲ್ಲಿ ದಾಖಲಾದ ಅತಿ ಹೆಚ್ಚಿನ ಸಂಖ್ಯೆಯೇ ಆ ವರ್ಷದ ಎಣಿಕೆ. ಒಡ್ಡಿನ ಕೆಳಗಿನ ಕೆಸರುಬಯಲಿನ ಹಣೆಬರಹ ಈ ಎಣಿಕೆಯ ಮೇಲೆ ನಿಂತಿದೆ. ಐದು ಸಾವಿರ ಹಕ್ಕಿ ಕಂಡರೆ ಕೆಸರನ್ನು ಯಾರೂ ಮುಟ್ಟುವಂತಿಲ್ಲ. ಕಾಣದಿದ್ದರೆ ಅದು ‘ಹಕ್ಕಿರಹಿತ ಪಾಳು’. ಮಣ್ಣು ತುಂಬಿ ಉಪಯೋಗಕ್ಕೆ ತರಬಹುದು.

ಆ ಪಾಳಿನಲ್ಲಿ ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿಯುತ್ತದೆ. ಸರಿದ ಕೂಡಲೇ ಕುಡುಗೋಲಿನಂತೆ ಬಾಗಿದ ಕೊಕ್ಕಿನ ಹಕ್ಕಿಗಳು ಸಾವಿರಗಟ್ಟಲೆ ಇಳಿದು ಕೆಸರು ಚುಚ್ಚುತ್ತವೆ. ಅವುಗಳ ನಡುವೆಯೇ ಇಪ್ಪತ್ತಾರು ಹೆಂಗಸರು ಸೊಂಟ ಬಗ್ಗಿಸಿ ಕಪ್ಪೆಚಿಪ್ಪು ಹೆಕ್ಕುತ್ತಾರೆ. ಇಪ್ಪತ್ತಾರು ಮನೆಗಳ ಒಲೆ ಉರಿಯುವುದು ಅದರಿಂದ. ಇಬ್ಬರದೂ ಒಂದೇ ಕಸುಬು. ಹಕ್ಕಿಗೆ ಕೊಕ್ಕಿದೆ, ಇವರಿಗೆ ಬೆರಳು.

ಈ ಹೆಂಗಸರಲ್ಲಿ ಒಬ್ಬಳ ಮಗಳು ಮಂಡಳಿಯಲ್ಲಿ ಎಣಿಕೆಯ ಕೆಲಸಕ್ಕಿದ್ದಾಳೆ. ಅಕ್ಷರ ಕಲಿಯುವ ಮೊದಲೇ ತಾಯಿಯ ಬೆನ್ನ ಮೇಲೆ ಕೂತು ಹಕ್ಕಿ ಕಲಿತವಳು. ರೆಕ್ಕೆ ಬಡಿತ ನೋಡಿಯೇ ಇದು ಇಂಥದ್ದು, ಇಷ್ಟು ದೂರದಿಂದ ಬಂದದ್ದು ಎನ್ನುವವಳು. ಮಂಡಳಿ ಅವಳಿಗೆ ಈ ದೋಷವನ್ನು ಹತ್ತು ವರ್ಷ ಕ್ಷಮಿಸಿತ್ತು. ಹೋದ ವರ್ಷ ಹೊಸ ನಿರ್ದೇಶಕರು ಬಂದರು.

ಹೊಸ ನಿರ್ದೇಶಕರಿಗೆ ಸಿಬ್ಬಂದಿ ಇಟ್ಟ ಹೆಸರು ದುರ್ಬೀನು ಸಾಹೇಬರು. ಅಧಿಕಾರ ವಹಿಸಿಕೊಂಡ ದಿನದಿಂದ ಅವರ ಕೊರಳಲ್ಲಿ ದುರ್ಬೀನು ತೂಗುತ್ತಿತ್ತು, ಅದರ ಮುಚ್ಚಳ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ಸಭೆಯಲ್ಲೇ ಅವರು ಹಳೆಯ ಪ್ರವಾಸಗಳ ಫೋಟೋ ತರಿಸಿ ಮೇಜಿನ ಮೇಲೆ ಹರಡಿಕೊಂಡರು.

"ಏನ್ರೀ ಇದು? ಎಲ್ಲಾ ಫೋಟೋದಲ್ಲೂ ಬರೀ ಕೆಸರು!"

"ಹಕ್ಕಿ ಇರೋದೇ ಕೆಸರಲ್ಲಿ ಸಾರ್," ಎಂದಳು ಎಣಿಕೆಯವಳು.

"ಜನ ಅಷ್ಟು ದೂರದಿಂದ ಬಸ್ಸು ಹತ್ತಿ ಬರ್ತಾರೆ. ಬಂದು ನೋಡಿದ್ರೆ ಸಮುದ್ರವೇ ಮನೇಲಿಲ್ಲ ಅಂದ್ರೆ ಮಂಡಳಿ ಮರ್ಯಾದೆ ಏನಾಗ್ಬೇಕು?"

"ನೆಂಟರು ಬಂದಾಗ ಯಜಮಾನ ಮನೇಲಿರ್ಬೇಕಲ್ಲಮ್ಮ," ಎಂದು ಹೆಡ್ ಗುಮಾಸ್ತರು ದನಿಗೂಡಿಸಿದರು.

"ಸಾರ್, ಉಬ್ಬರ ಬಂದ್ರೆ ಕೆಸರು ಮುಳುಗುತ್ತೆ. ಕೆಸರು ಮುಳುಗಿದ್ರೆ ಹಕ್ಕಿ ಎಲ್ಲಿ ನಿಲ್ಬೇಕು? ಅವುಕ್ಕೆ ಈಜು ಬರಲ್ಲ."

"ಹಕ್ಕಿಗೆ ಈಜು ಬರಲ್ವಾ? ಬಾತುಕೋಳಿ?"

"ಅದು ಬೇರೆ ಜಾತಿ ಸಾರ್."

"ನೋಡಿ, ಈ ವಿಷಯದಲ್ಲಿ ನಿಮಗೇ ಗೊಂದಲ ಇದೆ."

ಉಬ್ಬರವಿಳಿತದ ವೇಳಾಪಟ್ಟಿಯನ್ನು ತರಿಸಲಾಯಿತು. ಮಂಡಳಿ ಪಟ್ಟಿಯನ್ನೇ ಓದಲಿಲ್ಲ ಎಂದು ಈಗ ಕೆಲವರು ಗುಲ್ಲೆಬ್ಬಿಸುತ್ತಿದ್ದಾರೆ. ಅದು ಅಪ್ಪಟ ಸುಳ್ಳು. ನಿರ್ದೇಶಕರು ಎರಡು ದಿನ ಕೂತು ಸಾಲು ಸಾಲಾಗಿ ಓದಿದರು. ಸಮುದ್ರ ಅತಿ ಹೆಚ್ಚು ತುಂಬಿರುವ ಗಳಿಗೆಗಳನ್ನು ನಿಮಿಷದ ಲೆಕ್ಕದಲ್ಲಿ ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಹನ್ನೆರಡು ಪ್ರವಾಸಗಳನ್ನೂ ಆ ಹನ್ನೆರಡು ಗಳಿಗೆಗಳಿಗೇ ಇಟ್ಟರು. ಸುತ್ತೋಲೆ ಹೊರಟಿತು:

"ಇನ್ನು ಮುಂದೆ ಹಕ್ಕಿ ವೀಕ್ಷಣೆಯು ಸಮುದ್ರವು ಪೂರ್ಣ ಪ್ರಮಾಣದಲ್ಲಿ ಹಾಜರಿರುವ ವೇಳೆಯಲ್ಲಿ ಮಾತ್ರ ನಡೆಯತಕ್ಕದ್ದು. ಇತರೆ ವೇಳೆಯಲ್ಲಿ ಕಂಡುಬರುವ ಹಕ್ಕಿಗಳಿಗೆ ಮಂಡಳಿಯು ಜವಾಬ್ದಾರಿಯಾಗಿರುವುದಿಲ್ಲ."

ಮೊದಲ ಪ್ರವಾಸದಲ್ಲಿ ನಲವತ್ತು ಜನ ಒಡ್ಡಿನ ಮೇಲೆ ನಿಂತು ಎರಡು ಗಂಟೆ ನೀರು ನೋಡಿದರು. ನೀರು ತುಂಬ ಇತ್ತು. ನಮೂನೆಯ ‘ಕಂಡ ಹಕ್ಕಿಗಳು’ ಕಾಲಂನಲ್ಲಿ ಎಲ್ಲರೂ ಸೊನ್ನೆ ಬರೆದರು. ‘ತೃಪ್ತಿ’ ಕಾಲಂನಲ್ಲಿ, ಸಮುದ್ರ ಚೆನ್ನಾಗಿತ್ತು ಎಂದು ಬರೆದರು. ನಿರ್ದೇಶಕರು ಆ ಸಾಲುಗಳನ್ನು ಕತ್ತರಿಸಿ ಚೌಕಟ್ಟು ಹಾಕಿಸಿದರು.

ಎರಡನೆಯ ಪ್ರವಾಸದಲ್ಲಿ ಸಣ್ಣ ಅಹಿತಕರ ಘಟನೆಯೊಂದು ನಡೆಯಿತು. ನಿವೃತ್ತ ಮೇಷ್ಟ್ರೊಬ್ಬರು ಸ್ವಂತ ದುರ್ಬೀನು ತಂದಿದ್ದರು, ಮುಚ್ಚಳವನ್ನೂ ತೆಗೆದಿದ್ದರು. ನದಿ ಸಮುದ್ರ ಸೇರುವ ಕಡೆ, ಆಚೆ ದಂಡೆಯ ಮರಳ ದಿಬ್ಬದ ಮೇಲೆ, ನೀರು ಇಳಿಯುವುದನ್ನೇ ಕಾಯುತ್ತ ಹಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು.

"ಅಬ್ಬಬ್ಬಾ! ಅಲ್ಲಿ ನೋಡಮ್ಮ! ಸಾವಿರಾರು!" ಎಂದು ಮೇಷ್ಟ್ರು ಎಣಿಕೆಯವಳನ್ನು ಕರೆದರು.

ಹೆಡ್ ಗುಮಾಸ್ತರು ಮೆಲ್ಲಗೆ ಬಂದು ದುರ್ಬೀನಿನ ಮುಂದೆ ಅಂಗೈ ಹಿಡಿದರು. "ಮೇಷ್ಟ್ರೇ, ಅದು ಪಕ್ಕದ ವಲಯ. ನಮಗೆ ಸೇರಿದ್ದಲ್ಲ."

"ಹಕ್ಕಿ ಕಾಣ್ತಿದೆಯಲ್ರೀ!"

"ಪಕ್ಕದ ಮನೆ ಕಿಟಕಿಯಲ್ಲೂ ಏನೇನೋ ಕಾಣುತ್ತೆ. ನೋಡ್ತಾ ನಿಲ್ತೀರಾ?"

"ಕಣ್ಣಿಗೂ ಗಡಿ ಹಾಕಿದೀರಾ?"

"ಛೆ, ಕಣ್ಣಿಗಿಲ್ಲ. ನಮೂನೆಗಿದೆ."

ಮೇಷ್ಟ್ರು ನಲವತ್ತು ವರ್ಷ ಹಾಜರಿ ಪುಸ್ತಕ ತುಂಬಿದವರು. ನಮೂನೆ ಎಂದ ಕೂಡಲೇ ತಣ್ಣಗಾದರು. ಅವರೂ ಸೊನ್ನೆ ಬರೆದರು, ಬಹಳ ದುಂಡಗಿನ ಸೊನ್ನೆ.

ಮೂರನೆಯ ಪ್ರವಾಸದ ಹೊತ್ತಿಗೆ ಒಡ್ಡಿನ ರಸ್ತೆಯಲ್ಲಿ ಮಣ್ಣು ತುಂಬಿದ ಲಾರಿಗಳು ಸಾಲುಗಟ್ಟಿ ನಿಂತವು. ಲಾರಿಗಳು ನಿರ್ದೇಶಕರ ಭಾವಮೈದುನನವು. ಎಣಿಕೆ ಮುಗಿಯುವ ಮೊದಲೇ ಮಣ್ಣು ಯಾಕೆ ಬಂತು ಎಂದು ಕೇಳಿದವರಿಗೆ ನಿರ್ದೇಶಕರು, ಲಾರಿಯವರೂ ಹಕ್ಕಿ ನೋಡಲು ಬಂದವರೇ ಎಂದು ಸ್ಪಷ್ಟಪಡಿಸಿದರು. ಚಾಲಕರಿಗೂ ನಮೂನೆ ಕೊಡಲಾಯಿತು. ಅವರು ಸೀಟಿನಿಂದ ಇಳಿಯದೆ ಸೊನ್ನೆ ಬರೆದು ಮಲಗಿದರು.

ಎಣಿಕೆಯವಳು ಸುಮ್ಮನೆ ಕೂರುವವಳಲ್ಲ. ಒಂಬತ್ತನೆಯ ಪ್ರವಾಸವಾದ ಮರುದಿನ ಬೆಳಗಿನ ಇಳಿತಕ್ಕೆ ಸರಿಯಾಗಿ ತಾಯಿಯ ಜೊತೆ ಕೆಸರಿಗಿಳಿದಳು. ಹೆಂಗಸರು ಚಿಪ್ಪು ಹೆಕ್ಕಿದರು, ಇವಳು ಹಕ್ಕಿ ಎಣಿಸಿದಳು. ಆರು ಸಾವಿರದ ಇನ್ನೂರ ಹನ್ನೆರಡು.

"ಇಷ್ಟು ಸಾಕೇನೇ?" ಎಂದಳು ತಾಯಿ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ.

"ಧಾರಾಳ ಆಯ್ತಮ್ಮ. ಐದು ಸಾವಿರ ಇದ್ರೆ ಸಾಕು, ಕೆಸರು ನಮ್ದೇ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ನಮ್ಮದು ಕೆಸರಾಗಿದೆ. ಮೊಸರಿಗೆ ಮಾತ್ರ ಆ ಲಾರಿಯವನು ಬಾಯಿ ತೆರ್ಕೊಂಡು ನಿಂತಿದಾನೆ. ನಿಮ್ಮ ಸಾಹೇಬ್ರು ಒಪ್ತಾರಾ?"

"ಇಪ್ಪತ್ತಾರು ಜನ ಸಾಕ್ಷಿ ಇದೀರಲ್ಲ. ಒಪ್ಪದೆ ಏನ್ಮಾಡ್ತಾರೆ?"

ಅವಳು ಇಪ್ಪತ್ತಾರು ಹೆಬ್ಬೆಟ್ಟಿನ ಗುರುತು ಹಾಕಿಸಿದ ಕಾಗದ ಹಿಡಿದು ಕಚೇರಿಗೆ ಹೋದಳು. ಹೆಡ್ ಗುಮಾಸ್ತರು ಕನ್ನಡಕ ಏರಿಸಿ ಓದಿದರು.

"ಎಣಿಸಿದ್ದು ಎಷ್ಟು ಗಂಟೆಗಮ್ಮ?"

"ಆರಕ್ಕೆ."

"ಹಾಜರಿ ಹಾಕಿದ್ದು?"

"ಹತ್ತಕ್ಕೆ."

"ಅಂದ್ರೆ ನೀನು ಇನ್ನೂ ಬಂದೇ ಇರ್ಲಿಲ್ಲ. ಬಾರದೇ ಇದ್ದವಳು ಎಣಿಸಿದ ಹಕ್ಕಿ ಬಾರದೇ ಇದ್ದ ಹಕ್ಕಿ."

"ಸಾಕ್ಷಿಗಳು ಇದಾರಲ್ಲ ಸಾರ್!"

"ಅವರೇನ್ ಮಾಡ್ತಿದ್ರು?"

"ಬಗ್ಗಿ ಚಿಪ್ಪು ಹೆಕ್ತಿದ್ರು."

"ನೋಡು. ವೀಕ್ಷಕ ಅಂದ್ರೆ ತಲೆ ಎತ್ತಿದವನು. ತಲೆ ತಗ್ಗಿಸಿ ದುಡಿಯೋರು ವೀಕ್ಷಕರ ಲೆಕ್ಕಕ್ಕೆ ಬರಲ್ಲಮ್ಮ. ಈ ಕಾನೂನು ನಾನು ಮಾಡಿದ್ದಲ್ಲ," ಎಂದು ಅವರು ಕಾಗದವನ್ನು ಮಡಚಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ನಿಂತಿತು. ದಾಖಲೆಯನ್ನು ಮಂಡಳಿ ಉಪಯೋಗಿಸಿಕೊಳ್ಳಲಿಲ್ಲ ಎಂದು ಹೇಳುವಂತಿಲ್ಲ.

ಆದರೂ ಮಂಡಳಿ ನ್ಯಾಯದ ದಾರಿ ಬಿಡಲಿಲ್ಲ. ಮಣ್ಣು ತುಂಬುವ ಬಗ್ಗೆ ಸಾರ್ವಜನಿಕ ಪ್ರಕಟಣೆ ಹೊರಡಿಸಿತು: "ಆಕ್ಷೇಪಣೆ ಇರುವವರು, ಯಾವ ಸ್ಥಳದ ಬಗ್ಗೆ ಆಕ್ಷೇಪಣೆಯೋ ಅದೇ ಸ್ಥಳದಲ್ಲಿ, ಹನ್ನೆರಡನೆಯ ಪ್ರವಾಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಖುದ್ದಾಗಿ ನಿಂತು ತಿಳಿಸತಕ್ಕದ್ದು."

ಹನ್ನೊಂದು ಗಂಟೆ ಎಂದರೆ ಆ ಋತುವಿನ ಅತಿ ದೊಡ್ಡ ಉಬ್ಬರ. ಎಣಿಕೆಯವಳು ವೇಳಾಪಟ್ಟಿ ನೋಡಿ ಹೇಳಿದಳು, "ಬೇಡಮ್ಮ, ಕುತ್ತಿಗೆವರೆಗೂ ಬರುತ್ತೆ."

"ಕುತ್ತಿಗೆಗೆ ಬಂದದ್ದು ಈಗೇನಲ್ಲ ಬಿಡು," ಎಂದಳು ತಾಯಿ.

ಇಪ್ಪತ್ತಾರು ಹೆಂಗಸರು ಹತ್ತಕ್ಕೇ ಇಳಿದು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತರು. ಹನ್ನೊಂದಕ್ಕೆ ಬರೀ ತಲೆಗಳು ಉಳಿದಿದ್ದವು. ಬಸ್ಸು ಬಂತು. ಒಡ್ಡಿನ ಮೇಲೆ ಪ್ರವಾಸಿಗರ ನಡುವೆ ನಿಂತು ಹೆಡ್ ಗುಮಾಸ್ತರು ಧ್ವನಿವರ್ಧಕದಲ್ಲಿ ಕೂಗಿದರು, "ಆಕ್ಷೇಪಣೆ ಇರೋರು ಕೈ ಎತ್ತಿ!"

ಕೈ ಬಿಟ್ಟರೆ ಅಲೆ ಎಳೆದುಕೊಂಡು ಹೋಗುತ್ತಿತ್ತು. ಯಾರೂ ಎತ್ತಲಿಲ್ಲ. ತಾಯಿ ಅಲ್ಲಿಂದಲೇ ಕಿರುಚಿದಳು, "ನಮ್ಮ ಅನ್ನಕ್ಕೆ ಮಣ್ಣು ಹಾಕ್ಬೇಡಿ ಕಣ್ರಪ್ಪೋ!"

‘ನೀರಿನ ಕಡೆಯಿಂದ ಸದ್ದು ಕೇಳಿಬಂದಿತು’ ಎಂದು ಗುಮಾಸ್ತರು ಬರೆದುಕೊಂಡರು.

ಅಷ್ಟರಲ್ಲಿ ಪ್ರವಾಸಿಗರಲ್ಲಿ ಸಂಚಲನ ಉಂಟಾಗಿತ್ತು. "ಅದೋ ಅಲ್ಲಿ! ಕಪ್ಪಗೆ, ದುಂಡಗೆ! ಸಾಲಾಗಿವೆ ನೋಡಿ!" ಹನ್ನೊಂದು ಪ್ರವಾಸಗಳಲ್ಲಿ ಏನೂ ಕಾಣದ ಒಡ್ಡಿನ ಮೇಲಿಂದ ಈಗ ಏನೋ ಕಂಡಿತ್ತು. ಜನ ಬೆರಳು ಮಡಚಿ ಎಣಿಸತೊಡಗಿದರು.

"ಅವರು ಹೆಂಗಸರು! ಎಡಗಡೆ ಕೊನೇಲಿರೋದು ನಮ್ಮಮ್ಮ!" ಎಂದು ಎಣಿಕೆಯವಳು ಕೂಗಿದಳು.

"ಅಮ್ಮನಾ? ಹಾಗಾದ್ರೆ ಜಾತಿ ಅನ್ನೋ ಕಾಲಂನಲ್ಲಿ ಏನಂತ ಬರೀಲಿ?" ಎಂದು ಟೋಪಿ ಹಾಕಿದ ಒಬ್ಬರು ಪೆನ್ನು ಹಿಡಿದು ಬಹಳ ವಿನಯದಿಂದ ಕೇಳಿದರು.

ದುರ್ಬೀನು ಸಾಹೇಬರು ಮೊದಲ ಬಾರಿಗೆ ದುರ್ಬೀನನ್ನು ಕಣ್ಣಿಗೆ ಹಿಡಿದರು, ಮುಚ್ಚಳದ ಸಮೇತ. ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, ಅಕ್ಕಪಕ್ಕದವರು ಹೇಳಿದ ಸಂಖ್ಯೆಯನ್ನೇ ಘೋಷಿಸಿದರು: "ಇಪ್ಪತ್ತಾರು."

ವರ್ಷದ ಎಣಿಕೆ ಇಪ್ಪತ್ತಾರು ಎಂದಾಯಿತು. ಅವು ಹಕ್ಕಿಗಳಲ್ಲವೆಂದು ಮಂಡಳಿಯೇ ಪ್ರಾಮಾಣಿಕವಾಗಿ ಒಪ್ಪಿ ಷರಾ ಬರೆಯಿತು, ಹಕ್ಕಿಗಳ ಸಂಖ್ಯೆ ಸೊನ್ನೆಯಲ್ಲೇ ನಿಂತಿತು. ಆಕ್ಷೇಪಣೆಯ ಕಡತದಲ್ಲಿ ಆದೇಶವಾಯಿತು: "ಸದರಿ ವೇಳೆಯಲ್ಲಿ ಸದರಿ ಸ್ಥಳದಲ್ಲಿ ಕಂಡುಬಂದ ಎಲ್ಲವನ್ನೂ ವೀಕ್ಷಣಾ ನಮೂನೆಯಲ್ಲಿ ದೃಶ್ಯವೆಂದು ದಾಖಲಿಸಲಾಗಿದೆ. ಒಮ್ಮೆ ದೃಶ್ಯವಾದದ್ದು ಆಕ್ಷೇಪಣೆದಾರನಾಗಲು ಬರುವುದಿಲ್ಲ. ಆದ್ದರಿಂದ ಆಕ್ಷೇಪಣೆದಾರರು ಯಾರೂ ಹಾಜರಿರಲಿಲ್ಲ." ಮಧ್ಯಾಹ್ನವೇ ಲಾರಿಗಳು ಎಚ್ಚರಗೊಂಡವು.

ಈಗ ಕೆಸರಿದ್ದ ಜಾಗದಲ್ಲಿ ಹಕ್ಕಿ ವೀಕ್ಷಣಾ ಭವನವಿದೆ. ಕಟ್ಟಿದವರು ಭಾವಮೈದುನ, ಉದ್ಘಾಟಿಸಿದವರು ಭಾವ. ಗಾಜಿನ ಗೋಡೆ, ತಣ್ಣಗಿನ ಗಾಳಿ, ಹಕ್ಕಿಯಾಕಾರದ ಕುರ್ಚಿಗಳು. ಈ ವರ್ಷದ ಮೊದಲ ಪ್ರವಾಸದಲ್ಲೇ ಜನ ಕೇಳಿದರು, "ಹೋದ ವರ್ಷ ಏನೋ ಇಪ್ಪತ್ತಾರು ಕಾಣಿಸ್ತಂತಲ್ಲ, ಎಲ್ಲಿ?" ಜನರ ಬೇಡಿಕೆಗೆ ಮಂಡಳಿ ಎಂದೂ ಕಿವುಡಾಗಿದ್ದಿಲ್ಲ. ಚಿಪ್ಪೂ ಇಲ್ಲದೆ, ಬೇರೆ ಕಸುಬೂ ಗೊತ್ತಿಲ್ಲದೆ ಕೂತಿದ್ದ ಇಪ್ಪತ್ತಾರು ಹೆಂಗಸರನ್ನು ‘ದೃಶ್ಯ ಸಹಾಯಕಿ’ಯರೆಂದು ನೇಮಿಸಿಕೊಂಡಿತು. ಉಬ್ಬರದ ವೇಳೆ ಭವನದ ಗೋಡೆಯಾಚೆ ಕುತ್ತಿಗೆಯವರೆಗಿನ ನೀರಿನಲ್ಲಿ ಎರಡು ಗಂಟೆ ನಿಲ್ಲುವುದು, ಕೂಗಬಾರದು. ಷರತ್ತು ಒಂದೇ: ಸಂಖ್ಯೆ ಇಪ್ಪತ್ತಾರು ಇರಬೇಕು. ಒಂದು ಕಡಿಮೆಯಾದರೂ ಅಷ್ಟೂ ನೇಮಕ ರದ್ದು.

ಐದನೆಯ ಪ್ರವಾಸದ ದಿನ ಎಣಿಕೆಯವಳ ತಾಯಿ ಮೇಲೇಳಲಿಲ್ಲ. ಮೂರು ಪ್ರವಾಸಗಳ ನೀರು ಎದೆಗಿಳಿದು ಕೆಮ್ಮಾಗಿತ್ತು. ಗಾಜಿನ ಹಿಂದೆ ಒಬ್ಬ ಹಿರಿಯರು ಎರಡು ಸಲ ಎಣಿಸಿ, "ಇಪ್ಪತ್ತೈದೇ ಇವೆಯಲ್ರೀ!" ಎಂದರು. ನಿರ್ದೇಶಕರು ಎಣಿಕೆಯವಳ ಕಡೆ ತಿರುಗಿದರು.

"ಏನಮ್ಮಾ ಇದು?"

"ಅಮ್ಮಂಗೆ ಜ್ವರ ಸಾರ್. ಇವತ್ತೊಂದಿನ ಬಿಡಿ."

"ನಾನು ಬಿಡ್ತೀನಮ್ಮ. ನಿಯಮ ಬಿಡ್ಬೇಕಲ್ಲ? ಪಾಪ, ಉಳಿದ ಇಪ್ಪತ್ತೈದು ಮನೆ."

ಎಣಿಕೆಯವಳು ಗಾಜಿನಾಚೆ ನೋಡಿದಳು. ಎಡಗಡೆಯ ಕೊನೆಯಲ್ಲಿ ಒಬ್ಬಾಕೆಯ ಒಂದು ಕೈ ಹಿಡಿಯುವವರಿಲ್ಲದೆ ನೀರಿನಲ್ಲಿ ತಡಕಾಡುತ್ತಿತ್ತು. ಎಣಿಕೆಯ ಪುಸ್ತಕವನ್ನು ಹೆಡ್ ಗುಮಾಸ್ತರ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಹಿಂದಿನ ಮೆಟ್ಟಿಲಿಳಿದು ಹೋಗಿ ಆ ಕೈ ಹಿಡಿದು ನಿಂತಳು.

ವಿವರಣೆ ಕೊಡುವ ಕೆಲಸ ಗುಮಾಸ್ತರಿಗೆ ಬಂತು. ಅವರು ಧ್ವನಿವರ್ಧಕ ಎತ್ತಿದರು. "ಎಡಗಡೆ ಕೊನೇಲಿರೋದು ಹೊಸದು. ನೀರಿನ ಅಭ್ಯಾಸ ಇನ್ನೂ ಆಗಿಲ್ಲ, ಅದಕ್ಕೇ ಅಲ್ಲಾಡ್ತಿದೆ. ಯಾರೂ ಗಾಬರಿ ಆಗ್ಬೇಡಿ."

ಯಾರೂ ಗಾಬರಿಯಾಗಲಿಲ್ಲ. ಎಲ್ಲರೂ ಇಪ್ಪತ್ತಾರು ಎಂದು ಬರೆದು ಸಹಿ ಹಾಕಿದರು. ಎರಡು ಸಲ ಎಣಿಸಿದ್ದ ಆ ಹಿರಿಯರು ಮಾತ್ರ ತೃಪ್ತಿಯ ಕಾಲಂನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದರು: ‘ಹೊಸದು ಬಹಳ ಚೆನ್ನಾಗಿದೆ. ಎರಡು ಗಂಟೆಯೂ ಕಣ್ಣು ಮಿಟುಕಿಸದೆ ನಮ್ಮ ಕಡೆಗೇ ನೋಡುತ್ತಿತ್ತು.’